ಗೋಡೆಯಾಚೆಗೆ ಗುರಿ ಇಡುತ್ತಿದ್ದ ಚುಕ್ಕೆ

"ಆ ಆಟ ಸತ್ತೋಗಿ ಎಷ್ಟೋ ವರ್ಷ ಆತು. ನೀ ಇನ್ನೂ ಹೆಣ ಕಾಯ್ತಾ ಕುಂತಿದ್ದಿ" ಎಂದು ನನ್ನ ಗಂಡ ಆಗಾಗ ಹೇಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ದಿಂಡಿಗಲ್‌ನಲ್ಲಿ ಎಂಜಿನಿಯರಿಂಗ್ ಓದುವಾಗ ನಾವು ಹಾಸ್ಟೆಲ್ ಹುಡುಗಿಯರು ಲ್ಯಾಬಿನ ಬಾಗಿಲು ಹಾಕಿಕೊಂಡು ಆಡುತ್ತಿದ್ದ ಬಂದೂಕಿನ ಆಟ ಅದು. ಎರಡು ಪಂಗಡ, ಮರಳುಗಾಡಿನ ನಡುವೆ ಒಂದು ಹಾಳು ಊರು, ಅದರ ಗಲ್ಲಿಗಳಲ್ಲಿ ಒಬ್ಬರನ್ನೊಬ್ಬರು ಹುಡುಕಿ ಹೊಡೆಯಬೇಕು, ಅಷ್ಟೇ. ಆ ಹುಡುಗಿಯರಲ್ಲಿ ಈಗ ಯಾರೂ ಆಡುವುದಿಲ್ಲ. ನಾನು ಮಾತ್ರ ಬಿಡಲಿಲ್ಲ.

ಉತ್ತಮಪಾಳಯಂನಲ್ಲಿ ನಾನು ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ನನ್ನದು ಬೆಳಗಿನ ಪಾಳಿ. ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಬಂದರೆ ಸಂಜೆಯವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಗಂಡ ಚಿನ್ನಮನೂರಿನ ಬಾಳೆ ಮಂಡಿಯಲ್ಲಿ, ಮಗಳು ಶಾಲೆಯಲ್ಲಿ. ಆಗ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ.

ಹಳೆಯ ಆಟದ ತೊಂದರೆ ಅದರ ಚಿತ್ರ ಮಂಕಾಗಿರುವುದಲ್ಲ, ಅದರಲ್ಲಿ ಯಾರನ್ನೂ ನಂಬಲಾಗದಿರುವುದು. ಆಡುವವರು ಕಡಿಮೆಯಾದ ಮೇಲೆ, ಖಾಲಿ ಕಾಣಬಾರದೆಂದು ಸರ್ವರ್ ನಡೆಸುವವರೇ ಯಂತ್ರದ ಆಟಗಾರರನ್ನು ತುಂಬುತ್ತಾರೆ. ಅವಕ್ಕೆ ಬಾಟ್ ಅನ್ನುತ್ತೇವೆ. ಮನುಷ್ಯರ ಹೆಸರನ್ನೇ ಇಟ್ಟಿರುತ್ತಾರೆ. ಉಳಿದ ಮನುಷ್ಯರಲ್ಲಿ ಅರ್ಧ ಜನ ಮೋಸದ ಸಾಫ್ಟ್‌ವೇರ್ ಹಾಕಿಕೊಂಡವರು. ಮೊದಲೆಲ್ಲ ಎದುರಿನವನು ಎಷ್ಟು ಚೆನ್ನಾಗಿ ಆಡುತ್ತಾನೆ ಎಂದು ನೋಡುತ್ತಿದ್ದೆ. ಈಗ ಅವನು ಮನುಷ್ಯನೋ ಅಲ್ಲವೋ, ಮನುಷ್ಯನಾದರೆ ಕಳ್ಳನೋ ಅಲ್ಲವೋ ಎಂದು ನೋಡುವುದೇ ಆಟವಾಗಿತ್ತು. ಬಾಟ್ ಬಾಗಿಲ ಬಳಿ ಅನುಮಾನಿಸಿ ನಿಲ್ಲುವುದಿಲ್ಲ, ಸತ್ತು ಮತ್ತೆ ಆಟಕ್ಕಿಳಿದಾಗ ಸಿಟ್ಟಿಗೆ ಬಂದು ಗೋಡೆಗೆ ಗುಂಡು ಹಾರಿಸುವುದಿಲ್ಲ. ಇಂಥ ಗುರುತುಗಳನ್ನು ಹಿಡಿದು ನಾನು ಜನರನ್ನು ಬೇರ್ಪಡಿಸುತ್ತಿದ್ದೆ.

ಹೀಗಿರುವಾಗ ಒಬ್ಬ ಆಟಗಾರ ಬರತೊಡಗಿದ. ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ. ನಾನು ಅವನನ್ನು ಚುಕ್ಕೆ ಎಂದೇ ಕರೆದೆ. ನಡೆಯುವುದು ನೋಡಿದರೆ ನಿನ್ನೆ ಮೊನ್ನೆ ಕಲಿತವನು, ಮೆಟ್ಟಿಲು ಹತ್ತುವಾಗ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದ. ಆದರೆ ನಾನು ಎಲ್ಲಿ ಅಡಗಿದರೂ ಅವನಿಗೆ ಗೊತ್ತಾಗುತ್ತಿತ್ತು. ಗೋಡೆಯ ಹಿಂದೆ ಉಸಿರು ಬಿಡದೆ ಕೂತಿದ್ದರೆ, ಆಚೆಯಿಂದ ಬಂದೂಕಿನ ತುದಿ ನಿಧಾನವಾಗಿ ನನ್ನ ಕಡೆಗೇ ತಿರುಗುತ್ತಿತ್ತು. ಅದಕ್ಕಿಂತ ವಿಚಿತ್ರವೆಂದರೆ, ಅವನು ಬೇರೆ ಯಾರನ್ನೂ ಅಷ್ಟಾಗಿ ಹುಡುಕುತ್ತಿರಲಿಲ್ಲ. ನನ್ನ ಹಿಂದೆಯೇ ಬರುತ್ತಿದ್ದ. ಕೆಲವೊಮ್ಮೆ ಹೊಡೆಯದೆ ಸುಮ್ಮನೆ ನಿಂತು ನೋಡುತ್ತಿದ್ದ.

ಆಟವನ್ನು ರೆಕಾರ್ಡ್ ಮಾಡಿ ನಿಧಾನಗತಿಯಲ್ಲಿ ನೋಡಿದೆ. ಅನುಮಾನವೇ ಇರಲಿಲ್ಲ. ಗೋಡೆಯಾಚೆ ಇರುವವರನ್ನು ಕಾಣಿಸುವ ಮೋಸದ ಸಾಫ್ಟ್‌ವೇರ್ ಅದು. ಸರ್ವರ್ ನಡೆಸುತ್ತಿದ್ದವರು ಕೊಯಮತ್ತೂರಿನ ಒಬ್ಬರು, ಅವರ ಮುಖವನ್ನು ನಾನು ಕಂಡವಳಲ್ಲ. ಅವರಿಗೆ ರೆಕಾರ್ಡಿಂಗ್ ಸಮೇತ ದೂರು ಕಳಿಸಿದೆ. ಉತ್ತರ ಬರಲಿಲ್ಲ.

ಆಮೇಲೊಂದು ಮಧ್ಯಾಹ್ನ ನಮ್ಮ ಮನೆಯ ಫ್ಯಾನ್ ನಿಂತಿತು. ಕರೆಂಟು ಹೋಗಿತ್ತು. ನನ್ನ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇತ್ತು, ಇಂಟರ್ನೆಟ್ ಫೋನಿನದು, ಹಾಗಾಗಿ ನಾನು ಆಟದಲ್ಲಿ ಉಳಿದೆ. ಚುಕ್ಕೆ ಮಾತ್ರ ಓಡುತ್ತಿದ್ದವನು ಓಡುತ್ತಿದ್ದ ಹಾಗೆಯೇ ಮಾಯವಾದ. ಕಾಕತಾಳೀಯ ಅಂದುಕೊಂಡೆ. ಆದರೆ ಮತ್ತೆ ಫ್ಯಾನ್ ತಿರುಗಲು ಶುರುವಾಗಿ ನಾನು ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಅವನೂ ವಾಪಸ್ ಬಂದಿದ್ದ. ಹೊರಗೆ ಹೋಗಿ ಪಕ್ಕದ ಮನೆಯವರನ್ನು ಕೇಳಿದೆ.

"ಊರಿಗೆಲ್ಲ ಹೋಗಿಲ್ಲ ಮಾ. ನಮ್ಮ ಟ್ರಾನ್ಸ್‌ಫಾರ್ಮರ್ ಫ್ಯೂಸ್ ಮಟ್ಟುಂ, ಅದೊಂದೇ ಹೋಗಿತ್ತು. ನಮ್ಮ ಬೀದಿ, ಪಕ್ಕದ ಬೀದಿ, ಅಷ್ಟೇ" ಎಂದರು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎಲ್ಲೋ ದೂರದ ಕಳ್ಳ ಅಂದುಕೊಂಡವನು ಕೂಗಿದರೆ ಕೇಳಿಸುವಷ್ಟು ಹತ್ತಿರ ಇದ್ದ.

ಅಂದಿನಿಂದ ಬೀದಿಯಲ್ಲಿ ನಡೆಯುವುದೇ ಕಷ್ಟವಾಯಿತು. ಮೊಬೈಲ್ ರಿಪೇರಿ ಅಂಗಡಿಯವನು ಯಾಕೆ ನಗುತ್ತಾನೆ? ಮೇಲಿನ ಮನೆಯ ಬಾಡಿಗೆಯವರು ಮಧ್ಯಾಹ್ನ ಯಾಕೆ ಕಿಟಕಿ ಹಾಕಿಕೊಳ್ಳುತ್ತಾರೆ? ಒಂದು ದಿನ ಗಂಡನ ಮೇಲೂ ಅನುಮಾನ ಬಂದು ಮಂಡಿಗೆ ಫೋನ್ ಮಾಡಿದೆ. ಹಿಂದೆ ಲಾರಿಗೆ ಗೊನೆ ಏರಿಸುವ ಗದ್ದಲ ಕೇಳಿಸುತ್ತಿತ್ತು. ಇಲ್ಲಿ ಪರದೆಯ ಮೇಲೆ ಚುಕ್ಕೆ ಓಡಾಡುತ್ತಿದ್ದ. ಅವರಲ್ಲ ಎಂದು ಗೊತ್ತಾಗಿ ಸಮಾಧಾನವಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಪಕ್ಕದ ಬೀದಿಯಲ್ಲಿ ನನ್ನ ಗಂಡನ ಅಣ್ಣನ ಮನೆಯಿದೆ. ನನ್ನ ಮಾವ ಇರುವುದು ಅಲ್ಲೇ. ನಾವು ಬೇರೆ ಮನೆ ಮಾಡಿದಂದಿನಿಂದ ಮಾವ ನನ್ನೊಡನೆ ನೇರವಾಗಿ ಮಾತಾಡಿರಲಿಲ್ಲ. ಹಬ್ಬಕ್ಕೆ ಹೋದರೆ ನನ್ನ ಎದುರಿಗೇ ಕೂತು, ಓರಗಿತ್ತಿಯನ್ನು ನೋಡುತ್ತಾ, "ಅವಳಿಗೆ ಊಟ ಮಾಡಕ್ ಹೇಳು" ಎನ್ನುತ್ತಿದ್ದರು. ಮನೆ ಒಡೆದವಳು ನಾನೇ ಎಂದು ಅವರು ನಂಬಿದ್ದರು. ಅದನ್ನು ಅವರ ತಲೆಗೆ ತುಂಬಿದವಳು ಓರಗಿತ್ತಿ ಎಂದು ನಾನು ನಂಬಿದ್ದೆ.

ಆ ಮನೆಯ ಹುಡುಗ, ಅಂದರೆ ಓರಗಿತ್ತಿಯ ಮಗ, ಹೈಸ್ಕೂಲಿನಲ್ಲಿದ್ದಾಗ ಈ ಆಟವನ್ನು ಅವನಿಗೆ ಹಾಕಿಕೊಟ್ಟವಳು ನಾನೇ. ಅವನಿಗೆ ಫೋನ್ ಮಾಡಿ ವಿಚಾರಿಸಿದೆ. ಈಗ ಅವನು ಮಧುರೈನ ಕಾಲೇಜಿನಲ್ಲಿದ್ದ. "ಚಿಕ್ಕಮ್ಮ, ಆ ಪಳೇ ಆಟನ ಇನ್ನೂ ಯಾರ್ ಆಡ್ತಾರೆ?" ಎಂದು ನಕ್ಕು ಇಟ್ಟುಬಿಟ್ಟ.

ಆಟದ ಒಳಗೇ ಚುಕ್ಕೆಯನ್ನು ಹಿಡಿಯಬೇಕು ಅನ್ನಿಸಿತು. ನಮ್ಮ ಮನೆಮಾತು ಕನ್ನಡ. ಹೊರಗೆಲ್ಲ ತಮಿಳು, ಶಾಲೆಯೂ ತಮಿಳು. ಕನ್ನಡದ ಅಕ್ಷರವನ್ನು ನಾನು ಮದುವೆಯಾದ ಮೇಲೆ ಆಸೆಪಟ್ಟು ಕಲಿತದ್ದು. ಪಕ್ಕದ ಬೀದಿಯಲ್ಲಿ ನಮ್ಮ ಜನರದ್ದೇ ಮನೆಗಳು ಹೆಚ್ಚು. ಆದ್ದರಿಂದ ಪರದೆಯ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತನ್ನೇ ಟೈಪ್ ಮಾಡಿದೆ: "ಊಟ ಆತಾ?"

ಚುಕ್ಕೆ ನಿಂತ ಕಡೆಯೇ ನಿಂತ. ಒಂದು ಬಾಟ್ ಬಂದು ಅವನನ್ನು ಹೊಡೆದುಹಾಕಿತು. ಬಹಳ ಹೊತ್ತಿನ ಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದಂತೆ ಉತ್ತರ ಬಂತು: "ಆತು."

ನಮ್ಮವರಲ್ಲೇ ಯಾರೋ. "ಯಾರು ನೀನು?" ಎಂದು ಕೇಳಿದೆ. ಅವನು ಹೊರಟುಹೋದ. ಆ ವಾರ ಮತ್ತೆ ಬರಲಿಲ್ಲ.

ಅದೇ ವಾರ ಗಂಡ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಕೇಳಿದರು. "ಮಧ್ಯಾನ ಹೆಡ್‌ಫೋನ್ ಹಾಕ್ಕಂಡು ಯಾರ ಕೂಡ ಮಾತಾಡ್ತಿ?"

"ಯಾರು ಹೇಳಿದ್ರು ನಿಮಗೆ?"

"ಚುಮ್ಮಾ ಕೇಳ್ದೆ."

ಸುಮ್ಮಸುಮ್ಮನೆ ಕೇಳುವವರಲ್ಲ ಅವರು. ಆ ಮಾತು ಪಕ್ಕದ ಬೀದಿಯಿಂದ ಬಂದಿದೆ ಎಂದು ನನಗೆ ಖಾತ್ರಿಯಾಯಿತು. ಓರಗಿತ್ತಿಯೇ ಚುಕ್ಕೆ ಎಂದು ತೀರ್ಮಾನಿಸಿದೆ. ನನ್ನ ಮೇಲೆ ಕಣ್ಣಿಡಲು ಅವಳು ಮಗನ ಕಂಪ್ಯೂಟರಿನಲ್ಲಿ ಕೂತಿದ್ದಾಳೆ ಎಂದು ನೆನೆದು ಹಲ್ಲು ಕಡಿದೆ.

ಚುಕ್ಕೆ ಮತ್ತೆ ಬಂದ ದಿನ ನಾನು ಆಡಲಿಲ್ಲ, ಒಂದು ಮೂಲೆಯಲ್ಲಿ ನಿಂತು ಕಿವಿಗೊಟ್ಟೆ. ಅವನು ಗೋಡೆಯಾಚೆಯಿಂದ ನನ್ನನ್ನೇ ನೋಡುತ್ತಾ ನಿಂತ. ಹಾಗೆ ನಿಂತಿರುವಾಗ ಯಾವುದೋ ಗುಂಡಿ ತಪ್ಪಿ ಒತ್ತಿರಬೇಕು, ಅವನ ಮೈಕ್ ತೆರೆದುಕೊಂಡಿತು. ಮೊದಲು ಕುಕ್ಕರಿನ ಸೀಟಿ. ಆಮೇಲೆ ಯಾರೋ ಕೆಮ್ಮಿದ ಸದ್ದು. ಆಮೇಲೆ ದೂರದಿಂದ ನನ್ನ ಓರಗಿತ್ತಿಯ ಗಂಟಲು:

"ಮಾವಾ, ಕಾಪಿ ಆರ್‍ತಾ ಐತೆ! ಎಷ್ಟ್ ಸಲ ಕೂಗ್ಲಿ?"

ಆ ಮನೆಯಲ್ಲಿ ಅವಳು ಮಾವ ಎಂದು ಕರೆಯುವವರು ಒಬ್ಬರೇ.

ಚಪ್ಪಲಿ ಮೆಟ್ಟಿ ಹೊರಟೆ. ಅವರ ಮನೆಗೆ ಹೋದಾಗ ಮಾವ ಮೊಮ್ಮಗನ ಕೋಣೆಯಲ್ಲಿ, ನೋಯುವ ಮಂಡಿಯನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೂತಿದ್ದರು. ಪರದೆಯ ಮೇಲೆ ನಮ್ಮ ಮರಳುಗಾಡಿನ ಊರು. ನನ್ನನ್ನು ಕಂಡು ಅವರು ಪರದೆಯನ್ನು ಟವಲಿನಿಂದ ಮುಚ್ಚಲು ಹೋದರು, ಆಗಲಿಲ್ಲ.

ಓರಗಿತ್ತಿ ಕಾಫಿ ಹಿಡಿದು ಬಾಗಿಲಿಗೆ ಬಂದಳು. ಮಾವ ಅವಳ ಕಡೆ ತಿರುಗಿ, "ಅವಳನ್ನ ಕೂರಕ್ ಹೇಳು" ಎಂದರು.

"ಅಕ್ಕ, ಮಾವ ಯಾಕೆ ನನ್ನ ಹಿಂದೆ ಬರ್ತಾ ಇದ್ರು, ಕೇಳಿ" ಎಂದೆ ನಾನೂ.

ಓರಗಿತ್ತಿ ಪಾಪ ಇಬ್ಬರನ್ನೂ ನೋಡಿದಳು. ಅವಳಿಗೆ ಆಟದ ವಿಷಯವೇ ಗೊತ್ತಿರಲಿಲ್ಲ. ಮಾವ ತಮಿಳು ಸುದ್ದಿ ನೋಡುತ್ತಾರೆ ಅಂದುಕೊಂಡಿದ್ದಳು. ಅವಳನ್ನು ಇಷ್ಟು ದಿನ ಸುಮ್ಮನೆ ಬೈದುಕೊಂಡಿದ್ದೆ.

ಮಾವ ಪರದೆಗೆ ಹೇಳುವಂತೆ ಹೇಳಿದರು. ಬೀದಿಯಲ್ಲಿ ಯಾರೋ ಏನೋ ಅಂದಿದ್ದರಂತೆ. ಚಿಕ್ಕ ಸೊಸೆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗಂಡಸರ ಜೊತೆ ಮಾತಾಡುತ್ತಾಳೆ ಎಂದು. ಅದೇನೆಂದು ತಾವೇ ನೋಡಿಬಿಡಬೇಕು ಅನ್ನಿಸಿತಂತೆ. ಆಟದ ಹೆಸರನ್ನೂ, ಅದರಲ್ಲಿ ನನ್ನ ಹೆಸರನ್ನೂ ಮೊಮ್ಮಗ ಒಮ್ಮೆ ತೋರಿಸಿದ್ದು ನೆನಪಿತ್ತು.

"ನೋಡಿದ್ರೆ ಅಲ್ಲಿ ಯಾರ್ ಕೂಡಾನೂ ಮಾತೇ ಇಲ್ಲೆ. ಗುಂಡಲ್ಲಿ ಸುಡೋದು, ಸಾಯೋದು" ಎಂದರು. ಟವಲನ್ನು ಹೆಗಲಿಗೆ ಹಾಕಿಕೊಂಡು, "ಆಮೇಲೆ ನನಗೂ ಬಿಡಕ್ ಆಗ್ಲಿಲ್ಲ."

"ಮೊನ್ನೆ ನಮ್ಮನೆಯವರ ಹತ್ರ ಇದನ್ನ ಹೇಳಿದ್ದು ಮಾವನೇನಾ, ಕೇಳಿ ಅಕ್ಕ."

ಮಾವ ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಪರದೆಯನ್ನು ನೋಡಿದೆ. ಗೋಡೆಗಳ ಆಚೆ ಇದ್ದ ಪ್ರತಿಯೊಬ್ಬ ಆಟಗಾರನೂ ಕೆಂಪು ಗೊಂಬೆಯಂತೆ ಹೊಳೆಯುತ್ತಿದ್ದ. ನಾನು ರೆಕಾರ್ಡಿಂಗಿನಲ್ಲಿ ಊಹಿಸಿದ್ದು ಸುಳ್ಳಾಗಿರಲಿಲ್ಲ.

"ಇದು ಮೋಸ" ಎಂದೆ.

"ಏನ್ ಮೋಸ?" ಮಾವ ಓರಗಿತ್ತಿಯನ್ನು ಕೇಳಿದರು. "ಎಲ್ಲಾರಿಗೂ ಹಿಂಗೇ ಅಲ್ವಾ ಕಾಣೋದು?"

ಮೊಮ್ಮಗ ಯಾವ ಕಾಲದಲ್ಲೋ ಹಾಕಿ ಮರೆತುಹೋದ ಸಾಫ್ಟ್‌ವೇರ್ ಅದು. ಮಾವನಿಗೆ ಆಟ ಎಂದರೆ ಮೊದಲ ದಿನದಿಂದ ಅದೇ. ಗೋಡೆ ಯಾಕಾದರೂ ಇದೆ ಎಂದು ಅವರಿಗೆ ಅರ್ಥವಾಗಿರಲಿಲ್ಲವಂತೆ. ಅವರನ್ನು ನಂಬಬೇಕೋ ಬೇಡವೋ ತಿಳಿಯಲಿಲ್ಲ. ಅವರ ಮುಖ ನೋಡಿದೆ. ನಿಜವಾಗಿಯೂ ಗೊತ್ತಿರಲಿಲ್ಲ ಅನ್ನಿಸಿತು. ಅದನ್ನು ಅಳಿಸಿಹಾಕಿ ಮನೆಗೆ ಬಂದೆ.

ಮರುದಿನದಿಂದ ಚುಕ್ಕೆಯ ಗತಿ ನೋಡಲಾಗುತ್ತಿರಲಿಲ್ಲ. ಬಾಗಿಲು ದಾಟಿದ ಕೂಡಲೇ ಸಾಯುತ್ತಿದ್ದ. ಬಾಟ್‌ಗಳೂ ಅವನನ್ನು ಬಿಡುತ್ತಿರಲಿಲ್ಲ. ಸತ್ತು ಮತ್ತೆ ಬಂದ ಪ್ರತಿ ಸಲ ಗೋಡೆಗೆ ಸಿಟ್ಟಿನಿಂದ ಗುಂಡು ಹಾರಿಸುತ್ತಿದ್ದ. ಒಂದು ಸಂಜೆ ಗಂಡ ಬಂದು, "ಅಪ್ಪನ ಕಂಪ್ಯೂಟರ್‌ನ ಏನ್ ಮಾಡ್ದೆ? ನೀ ಏನೋ ಕೆಡಿಸಿಬುಟ್ಟಿ ಅಂತ ಊರಿಗೆಲ್ಲ ಹೇಳ್ತಾ ಅವ್ರೆ" ಎಂದರು. ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಇಬ್ಬರಲ್ಲಿ ಯಾರನ್ನು ನಂಬುವುದು ಎಂಬಂತೆ ನನ್ನನ್ನೇ ನೋಡಿದರು.

ಇದೆಲ್ಲ ಆಗಿ ಸ್ವಲ್ಪ ದಿನಕ್ಕೆ ಕೊಯಮತ್ತೂರಿನವರಿಗೆ ನನ್ನ ಹಳೆಯ ದೂರು ಕಣ್ಣಿಗೆ ಬಿತ್ತು. ಮಾವ ನ್ಯಾಯವಾಗಿ ಆಡತೊಡಗಿದ ಮೇಲೆ ಅವರು ಚುಕ್ಕೆಯನ್ನು ಸರ್ವರ್‌ನಿಂದ ಹೊರಹಾಕಿದರು. ಪಕ್ಕದ ಬೀದಿಯಿಂದ ಓರಗಿತ್ತಿಯ ಫೋನ್ ಬಂತು: "ಮಾವ ಊಟ ಮಾಡ್ತಾ ಇಲ್ಲೆ. ಏನೋ ಕೆಂಪಾಗಿ ಬರ್ದು ಬಂದೈತಂತೆ."

ನಾನು ಕೊಯಮತ್ತೂರಿನವರಿಗೆ ಬರೆದೆ. ಅವರು ನನ್ನ ಮಾವ, ವಯಸ್ಸಾದವರು, ಗೊತ್ತಿಲ್ಲದೆ ಆದದ್ದು, ಈಗ ಸರಿ ಮಾಡಿದ್ದೇನೆ ಎಂದು. ಈ ಸಲ ಕೂಡಲೇ ಉತ್ತರ ಬಂತು. ಅವರು ಒಪ್ಪಲಿಲ್ಲ. ದೂರು ಕೊಟ್ಟವರೂ ನೀವೇ, ಬಿಡಿ ಅನ್ನುವವರೂ ನೀವೇ, ಇಬ್ಬರೂ ಒಂದೇ ಊರಿನಿಂದ ಬರುತ್ತೀರಿ. ಎರಡು ಹೆಸರಿಟ್ಟುಕೊಂಡು ಒಬ್ಬರೇ ಆಡುತ್ತಿಲ್ಲ ಎಂದು ನಾನು ಹೇಗೆ ನಂಬಲಿ ಎಂದು ಕೇಳಿದರು. ಇಷ್ಟು ದಿನ ಎಲ್ಲರ ಮೇಲೂ ಅನುಮಾನ ಪಟ್ಟವಳಿಗೆ ಈಗ ನಾನೊಬ್ಬ ಮನುಷ್ಯೆ, ಮಾವ ಇನ್ನೊಬ್ಬ ಮನುಷ್ಯ ಎಂದು ರುಜುವಾತು ಮಾಡುವ ಕೆಲಸ ಬಂತು.

ಕೊನೆಗೆ ಅವರೇ ಒಂದು ದಾರಿ ಹೇಳಿದರು. ಭಾನುವಾರ ಮಧ್ಯಾಹ್ನ ಇಬ್ಬರೂ ನಿಮ್ಮ ನಿಮ್ಮ ಮನೆಯಿಂದ ಒಟ್ಟಿಗೇ ಸರ್ವರ್‌ಗೆ ಬನ್ನಿ, ಮೈಕಿನಲ್ಲಿ ಒಬ್ಬರೊಡನೊಬ್ಬರು ಮಾತಾಡಿ, ನಾನು ಕೇಳುತ್ತೇನೆ.

ಭಾನುವಾರ ಗಂಡ ನನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತರು. ಕೊಯಮತ್ತೂರಿನವರು ತಮಿಳಿನಲ್ಲಿ, "ಮಾತಾಡಿ" ಎಂದರು. ನಾನು, "ಮಾವ, ಕೇಳಿಸ್ತಾ ಐತಾ?" ಎಂದೆ. ಆ ಕಡೆ ಬರೀ ಉಸಿರು. ಪಕ್ಕದಲ್ಲಿ ಓರಗಿತ್ತಿ ಇರಲಿಲ್ಲ, ಅವಳ ಮೂಲಕ ಹೇಳಿಸುವ ಹಾಗಿರಲಿಲ್ಲ.

"ಇಬ್ಬರೂ ಮಾತಾಡಬೇಕು" ಎಂದರು ಕೊಯಮತ್ತೂರಿನವರು ಮತ್ತೆ.

ಮಾವ ಕೆಮ್ಮಿದರು. "ನನ್ ಮೇಲೆ ಪುಕಾರು ಕೊಟ್ಟಿದ್ದು ನೀನೇಯಾ ಮಾ?"

ನೇರವಾಗಿ ನನ್ನನ್ನೇ ಕೇಳಿದ್ದರು. "ಹೌದು ಮಾವ" ಎಂದೆ. "ನೀವು ಅಂತ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ?"

ಯೋಚಿಸಿದೆ. "ಆಗ್ಲೂ ಕೊಡ್ತಿದ್ದೆ."

ಬೆನ್ನ ಹಿಂದೆ ಗಂಡ ಕುರ್ಚಿಯಲ್ಲಿ ಅಲುಗಿದ್ದು ಕೇಳಿಸಿತು. ಮಾವ, "ಅದ್ ಸರಿ" ಎಂದರು. "ನಾನೂ ನಿನ್ನ ಮೇಲೆ ಸಂದೇಗ ಪಟ್ಟೇ ಬಂದಿದ್ದು. ಬೀದಿಯೋರ ಮಾತು ಕೇಳ್ಕಂಡು, ನೀ ಊಟ ಆತಾ ಅಂದ ದಿನ ಅದು ನಿಜ ಅನ್ನಿಸಿ, ನಿನ್ ಗಂಡನ ಕಿವಿಗೆ ಹಾಕಿದ್ದೂ ನಾನೇ. ಅದೆಲ್ಲ ಪೊಯ್ಯಿ, ಸುಳ್ಳು ಅಂತ ಈಗ ಅವನಿಗೆ ಹೇಳ್ತೀನಿ."

"ಇವರು ಇಲ್ಲೇ ಕುಂತವ್ರೆ ಮಾವ. ಕೇಳಿಸ್ಕಂಡ್ರು."

ಕೊಯಮತ್ತೂರಿನವರಿಗೆ ನಮ್ಮ ಮಾತು ಒಂದೂ ಅರ್ಥವಾಗಿರಲಿಲ್ಲ. ಅದು ಯಾವ ಭಾಷೆ ಎಂದು ಕೇಳಿದರು. ಆಮೇಲೆ, ಒಬ್ಬರೇ ಎರಡು ಗಂಟಲಲ್ಲಿ ಹೀಗೆ ಜಗಳವಾಡಲು ಸಾಧ್ಯವಿಲ್ಲ ಎಂದು ಚುಕ್ಕೆಯನ್ನು ಒಳಗೆ ಬಿಟ್ಟರು.

ಮಾವ ಈಗ ನನ್ನ ಪಂಗಡದಲ್ಲಿ ಆಡುತ್ತಾರೆ. ಹೆಜ್ಜೆಯ ಸದ್ದು ಕೇಳಿ ಎಂದು ನಾನು ಮೈಕಿನಲ್ಲಿ ಹೇಳುತ್ತಲೇ ಇರುತ್ತೇನೆ, ಅವರು ಕೇಳುವುದಿಲ್ಲ. ನಾನು ಗೋಡೆಯ ಹಿಂದಿದ್ದವನನ್ನು ಹೊಡೆದಾಗಲೆಲ್ಲ, "ನಿನಗೆ ಮಟ್ಟುಂ ಇನ್ನೂ ಕಾಣ್ತಾ ಐತೆ, ನಂದನ್ನ ಅಳಿಸಿಬುಟ್ಟಿ" ಎನ್ನುತ್ತಾರೆ. ಹಬ್ಬದ ಊಟದಲ್ಲಿ ಇವತ್ತಿಗೂ ನನ್ನೊಡನೆ ಹೆಚ್ಚು ಮಾತಿಲ್ಲ. ಅವರ ಮಾತೆಲ್ಲ ಆ ಹಾಳು ಊರಿನ ಗಲ್ಲಿಗಳಲ್ಲಿ, ನಾವಿಬ್ಬರು ಮತ್ತು ಹೆಸರಿಟ್ಟುಕೊಂಡ ಬಾಟ್‌ಗಳು ಇರುವಾಗ. ಸರ್ವರ್ ಮುಚ್ಚುವ ಯೋಚನೆ ಇದೆ ಎಂದು ಕೊಯಮತ್ತೂರಿನವರು ಮೊನ್ನೆ ಬರೆದಿದ್ದರು. ಸ್ವಲ್ಪ ದಿನ ಬೇಡ ಎಂದು ನಾನು ಕೇಳಿಕೊಂಡಿದ್ದೇನೆ.