ಬೆಳಕು ಬಿದ್ದ ರೀಲು

ರೇವಣಪ್ಪ ತಾಂಬಾ ಊರಿನ ಗೌಂಡಿ, ಗಾರೆ ಕೆಲಸದವ. ಪಕ್ಕದ ಮನೆಯ ಶಮ್ಶುನ್ನೀಸಾ ಚಾಚಿ ಪಡಸಾಲೆಯ ಗೋಡೆ ಬಿರುಕು ಬಿಟ್ಟಿದೆಯೆಂದಾಗ ಉಳಿದ ಕೆಲಸ ಬದಿಗಿಟ್ಟು ಹೋದ. ಆಕೆಯ ಗಂಡ ಮಹಮ್ಮದಹನೀಫ ಇಂಡಿಯಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ರೇವಣಪ್ಪನ ಮದುವೆಯ ಫೋಟೋ ತೆಗೆದವರೂ ಅವರೇ. ತೀರಿಕೊಂಡು ಎರಡು ವರ್ಷವಾಗಿತ್ತು.

ಹಳೆಯ ಗಾರೆ ಕೆದರುವ ಮೊದಲು ಗೋಡೆಯೊಳಗಿನ ಮಾಡಕ್ಕೆ ಬಟ್ಟೆ ಮುಚ್ಚಬೇಕಿತ್ತು. ರೇವಣಪ್ಪ ಮರೆತ. ಅದರಲ್ಲಿದ್ದ ಹನೀಫರ ಹಳೇ ಕ್ಯಾಮೆರಾದ ಮೇಲೆಲ್ಲ ಧೂಳು ಕೂತಿತು. ನಿಡಗುಂದಿಗೆ, ಮಗಳ ಮನೆಗೆ ಹೋಗಿದ್ದ ಚಾಚಿ ಬರುವಷ್ಟರಲ್ಲಿ ಒರೆಸಿಡೋಣವೆಂದು ಅದನ್ನು ಅಂಗಳದ ಕಟ್ಟೆಗೆ ತಂದ. ಬ್ರಷ್ಷಿನಿಂದ ಸಂದಿಗಳ ಧೂಳು ಕೊಡವಿದ, ಮೆತ್ತನೆಯ ಬಟ್ಟೆಯಿಂದ ಲೆನ್ಸ್ ಒರೆಸಿದ. ಪಕ್ಕದ ಕೊಂಡಿಯನ್ನು ಎಳೆದಾಗ ಹಿಂದಿನ ಮುಚ್ಚಳ ತೆರೆದುಕೊಂಡಿತು. ಒಳಗೆ ರೀಲು ಇತ್ತು. ಬಿಸಿಲು ನೇರ ಅದರ ಮೇಲೆ ಬಿತ್ತು.

ತಟ್ಟನೆ ಮುಚ್ಚಿದ. ಬೆಳಕು ಬಿದ್ದರೆ ರೀಲು ಸುಡುತ್ತದೆಂದು ಹನೀಫರೇ ಎಂದೋ ಹೇಳಿದ್ದರು.

ಸಂಜೆ ಬಂದ ಚಾಚಿ ಕ್ಯಾಮೆರಾ ಸವರಿದಳು. "ಎಷ್ಟ್ ಚಂದ ಒರೆಸೀಯಪ್ಪಾ. ಅವರು ಹೋದಮ್ಯಾಲೆ ನನಗ ಮುಟ್ಟಾಕ ಮನಸ ಆಗಿರಲಿಲ್ಲ" ಎಂದು ಚಹಾ ಕೊಟ್ಟಳು. ರೇವಣಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಮನೆಗೆ ಹೋದ. ಮುಂದಿನ ದಿನಗಳಲ್ಲಿ ಆಕೆ ಕೇಳದಿದ್ದರೂ ಬಚ್ಚಲು ಸರಿಮಾಡಿದ, ಒಲೆಯ ಕಟ್ಟೆ ತಿದ್ದಿದ. ಪ್ರತಿಯೊಂದಕ್ಕೂ ಚಾಚಿ ಹೊಗಳಿದಳು. ಕೊನೆಗೆ ಅವನಿಗೆ ತಡೆಯಲಾಗಲಿಲ್ಲ.

"ಚಾಚೀ, ಕ್ಯಾಮೆರಾದಾಗ ರೀಲ್ ಇತ್ರಿ. ನಾ ಬಿಸಲಾಗ ತೆರದುಬಿಟ್ಟೆ. ಹಾಳಾಗೇತ್ರಿ."

ಆಕೆ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. "ಅದರಾಗ ನನ್ನ ಫೋಟೋ ಐತಿ" ಎಂದಳು. "ಕೋಳಿಗೆ ಕಾಳ ಹಾಕಾಕತ್ತಿದ್ದೆ. ಇತ್ತ ನೋಡು ಅಂದ್ರು, ನಕ್ಕೊಂತ ತಿರುಗಿದ್ದೆ. ತೊಳಿಸಿ ನೋಡಪ್ಪಾ, ಏನರ ಉಳದಿರಬೌದು."

ವಿಜಯಪುರದ ಹಳೆಯ ಸ್ಟುಡಿಯೋದವನೊಬ್ಬ ರೀಲು ತೊಳೆದುಕೊಟ್ಟ. ಒಳಸುತ್ತಿನಲ್ಲಿದ್ದ ಎರಡೇ ಚಿತ್ರ ಉಳಿದಿದ್ದವು. ಒಂದರಲ್ಲಿ ಖಾಲಿ ಓಣಿ. ಇನ್ನೊಂದರಲ್ಲಿ ಅಂಗಳ, ಕೋಳಿಗಳು, ಬಾಗಿ ನಿಂತ ಚಾಚಿಯ ಬೆನ್ನು. ಮುಂದಿನದೆಲ್ಲ ಸುಟ್ಟುಹೋಗಿತ್ತು.

ಚಾಚಿ ಫೋಟೋವನ್ನು ಬಹಳ ಹೊತ್ತು ನೋಡಿದಳು. "ನಾ ತಿರುಗಿದ್ದು ಇದರ ಮುಂದಿಂದು" ಎಂದಳು ಅಷ್ಟೆ.

ಬೈಸಿಕೊಳ್ಳಲೆಂದೇ ಬಂದಿದ್ದ ರೇವಣಪ್ಪ ತಲೆ ತಗ್ಗಿಸಿ ನಿಂತ. ಆಕೆ ಬೈಯಲಿಲ್ಲ. ಆ ಬೆನ್ನಿನ ಫೋಟೋಕ್ಕೆ ಚೌಕಟ್ಟು ಹಾಕಿಸಿ ತಂದು, ಅವನಿಂದಲೇ ಹೊಸ ಗೋಡೆಗೆ ಮೊಳೆ ಹೊಡೆಸಿದಳು. ಈಗಲೂ ಚಾಚಿ ಚಹಾಕ್ಕೆ ಕರೆದರೆ ಅವನು ಹೋಗುತ್ತಾನೆ. ಆ ಗೋಡೆ ಕಣ್ಣಿಗೆ ಬೀಳದ ಕಡೆ ಕೂರುತ್ತಾನೆ.