ತಿಗಣೆಯೊಳಗಿನ ನೊಣ ಮತ್ತು ಮಗಳ ಕುಬಸ

ನಮ್ಮ ಬೀಗತಿ ಕುಬಸದ ಊಟವನ್ನು ನಿಂತೇ ಮಾಡಿದರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ, ಗೋಡೆಗೂ ತಾಗದಂತೆ ನಡುಮನೆಯಲ್ಲಿ ತಾಟು ಹಿಡಿದು.

ಇದಕ್ಕೆಲ್ಲ ಒಂದು ನೊಣ ಕಾರಣ. ಅಲ್ಲ, ನೊಣದ ತಪ್ಪಿಲ್ಲ. ನನ್ನ ಇಂಗ್ಲಿಷ್‌ದು.

ಮಗಳು ಸುಮಾಳನ್ನು ನಮ್ಮ ಜಮಖಂಡಿಯಿಂದ ರಬಕವಿಗೆ ಕೊಟ್ಟಿದ್ದೇವೆ. ಈಗ ಅವಳಿಗೆ ಏಳು ತಿಂಗಳು, ಕುಬಸ ಅಂದರೆ ಸೀಮಂತ ಮಾಡುವ ಹೊತ್ತು. ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಯಾವ ಶುಭಕಾರ್ಯವೂ ಆಗಿಲ್ಲ.

"ಹೆಣ್ಮಕ್ಕಳಿಲ್ಲದ ಮನ್ಯಾಗ ಹೆಂಗ ಮಾಡ್ತೀರಿ ಅಣ್ಣಾರ? ಇಲ್ಲೇ ಮಾಡೂಣು" ಅಂದರು ಬೀಗತಿ. ನಾನು ಹಟ ಹಿಡಿದೆ. ತವರಿನ ಕುಬಸ ತವರಿನಲ್ಲೇ ಆಗಬೇಕು. ಇಲ್ಲದಿದ್ದರೆ ಮಗಳ ಪಾಲಿಗೆ ತವರೂ ತಾಯಿಯ ಹಿಂದೆಯೇ ಹೋಯಿತು ಅಂತ ಅರ್ಥ.

ಹೇಗೋ ಒಪ್ಪಿದರು.

ಅದೇ ವಾರ ಹಿತ್ತಲಿನ ಅವರೆ ಬಳ್ಳಿಗೆ ಹಸಿರು ಹುಳ ಬಿದ್ದವು. ಮುಟ್ಟಿದರೆ ನಾರುತ್ತವಲ್ಲ, ಅವು. ಒಂದೆರಡರ ಬೆನ್ನ ಮೇಲೆ ಬಿಳಿ ಚುಕ್ಕೆ... ಅಕ್ಕಿ ನುಚ್ಚು ಅಂಟಿಸಿದ ಹಾಗೆ.

ಫೋಟೋ ತೆಗೆದು ಫೋನಿನಲ್ಲಿ ಹುಡುಕಿದೆ. ಎಲ್ಲಾ ಇಂಗ್ಲಿಷ್. ಬಿಎದಲ್ಲಿ ಇಂಗ್ಲಿಷ್ ನನಗೆ ಮೇಜರ್ ಆಗಿತ್ತು, ಇಲ್ಲಾ ಮೈನರ್... ಏನೋ ಒಂದು ಆಗಿತ್ತು.

ಹುಳ 'ಪ್ಲಾಂಟ್ ಬಗ್' ಅಂತೆ. ಚುಕ್ಕೆ ಎಂದರೆ ಒಂದು ಜಾತಿಯ ನೊಣ ಇಟ್ಟ ಮೊಟ್ಟೆ. ಅದರ ಮರಿ ಬಗ್‌ನ ಒಳಗೇ ಇಳಿದು, ಒಳಗೇ ತಿಂದು, ಒಳಗೇ ಬೆಳೆಯುತ್ತದೆ. ಬಗ್ ಮಾತ್ರ ತನಗೇನೂ ಸಂಬಂಧವಿಲ್ಲದಂತೆ ಅವರೆಕಾಯಿ ರಸ ಹೀರುತ್ತ ಕೂತಿರುತ್ತದೆ.

ಆ ಬಗ್‌ಗೆ 'ಹೋಸ್ಟ್' ಅನ್ನುತ್ತಾರೆ. ಹೋಸ್ಟ್ ಅಂದರೆ ಊಟಕ್ಕೆ ಕರೆದವನು. ಎಂಥ ಆತಿಥ್ಯ ನೋಡಿ, ಬಡಿಸಲಿಕ್ಕೂ ಏಳಬೇಕಾಗಿಲ್ಲ!

ಔಷಧದ ಗೊಡವೆಯೇ ಬೇಡ, ನೊಣವೇ ನೋಡಿಕೊಳ್ಳುತ್ತದೆ ಅನ್ನುವ ಖುಷಿಗೆ ಮನೆಯವರ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ. ಬಗ್ ಅಂದರೆ ತಿಗಣೆ ಅಂತ ಕಾಲೇಜಿನಲ್ಲಿ ಬಾಯಿಪಾಠ ಮಾಡಿದವನು ನಾನು...

"ನಮ್ಮಲ್ಲೆ ತಗಣಿ ಭಾಳ ಆಗ್ಯಾವ. ಆದ್ರ ನಾ ಔಷಧ ಹೊಡಿಯೂದಿಲ್ಲ. ಇರ್ಲಿ ಬಿಡ್ರಿ, ನೋಡಾಕ ಚಂದ ಅದಾವ."

ಗ್ರೂಪಿನಲ್ಲಿ ಬೀಗರೂ ಇದ್ದರು. ಬೀಗತಿಯ ಫೋನ್ ಬಂತು.

"ಅಣ್ಣಾರ, ಗಾದಿ ಬಿಸಲಿಗೆ ಹಾಕೀರೇನ್ರಿ?"

"ಇವು ಹಾಸಿಗಿ ತಗಣಿ ಅಲ್ರಿ ಅಕ್ಕಾರ, ಹೆದರಬ್ಯಾಡ್ರಿ. ಇವುಗಳ ಹೊಟ್ಟ್ಯಾಗ ಮರಿ ಬೆಳ್ಯಾಕತ್ತಾವ. ಮರಿ ಹೊರಗ ಬಂತಂದ್ರ ಹೊತ್ತಾಕಿ ಅಲ್ಲೇ ಖಲಾಸ್!"

ಬೀಗತಿಯ ದನಿ ಏರಿತು.

"ಬಸುರಿ ಹೆಣ್ಮಗಳ ತಂದಿ ನೀವು. ಆಡೂ ಮಾತೇನ್ರಿ ಇದು? ಕುಬಸ ಇಲ್ಲೇ ಆಗ್ತೈತಿ, ಮುಗೀತು."

ಹೆಂಡತಿ ಇದ್ದಾಗ ಬೀಗರ ಜೊತೆ ಮಾತು ಅವಳ ಖಾತೆ. ಎಲೆಅಡಿಕೆ ತಟ್ಟೆ ಮುಂದೆ ಸರಿಸುವುದಷ್ಟೇ ನನ್ನದು. ಆ ವ್ಯವಸ್ಥೆ ಎಷ್ಟು ಸೈಂಟಿಫಿಕ್ ಆಗಿತ್ತು ಅಂತ ಈಗ ತಿಳಿಯುತ್ತಿದೆ.

ಮರುದಿನ ಬಾಗಿಲಿಗೆ ಕಾರು. ಕಣ್ಣಾರೆ ನೋಡಿ ತೀರ್ಮಾನ ಮಾಡಿ ಅಂತ ಸುಮಾ ಅತ್ತೆಯನ್ನು ಎಳೆದುಕೊಂಡು ಬಂದಿದ್ದಾಳೆ. ಬೀಗತಿ ನೇರ ಹಿತ್ತಲಿಗೆ ನಡೆದು, ಒಂದು ಹುಳ ಹಿಡಿದು, ಬೆರಳಲ್ಲಿ ಹೊಸಕಿ ಮೂಸಿದರು.

"ತಗಣಿ ವಾಸನೀನ! ನನಗ ಹೇಳ್ತೀರಿ?"

ವಾಸನೆ ಖರೆ ಹಾಗೇ ಇತ್ತು. ಅಷ್ಟು ಸಾಲದೆಂಬಂತೆ ಒಳಗಿನ ನೊಣದ ಮರಿ ಬೆಳ್ಳಗೆ ಮಿಸುಕುತ್ತ ಹೊರಗೆ ಬಂತು.

"ಅಯ್ಯ ಶಿವನ! ಇವರ ಮನ್ಯಾಗ ತಗಣಿಗೂ ಹುಳ ಬಿದ್ದಾವ! ನಡಿ ಸುಮಾ."

ಸುಮಾ ನಡೆಯಲಿಲ್ಲ. ಪಡಸಾಲೆಗೆ ಬಂದು ಗಾದಿಯ ಮೇಲೆ ದೊಪ್ಪನೆ ಕೂತಳು.

"ಅತ್ತಿ, ಬಸುರಿ ತವರಮನಿ ಗಾದಿ ಮ್ಯಾಲೆ ಕುಂತ್ರ ಉಡಿ ತುಂಬಲಾರದ ಎಬ್ಬಸಬಾರದು ಅಂತ ನೀವ ಹೇಳಿದ್ರಿ. ಈಗ ಎಬ್ಬಸ್ರಿ ನೋಡೂಣು."

ಬೀಗತಿ ನನ್ನನ್ನು ನೋಡಿದರು. ನಾನು ಎಲೆಅಡಿಕೆ ತಟ್ಟೆ ನೋಡಿದೆ.

ಇದನ್ನೆಲ್ಲ ಕೇಳಿಸಿಕೊಂಡ ಪಕ್ಕದ ಮನೆಯ ಗೌರವ್ವ ಅಷ್ಟರಲ್ಲಿ ಆರತಿ ಹಚ್ಚಿಕೊಂಡು ಬಂದೇಬಿಟ್ಟಳು. ಕುಬಸಕ್ಕೆಂದು ತಂದಿಟ್ಟಿದ್ದ ಹಸಿರು ರವಿಕೆ ಖಣ, ಅಕ್ಕಿ, ಕೊಬ್ಬರಿ ಎಲ್ಲಾ ಮನೆಯಲ್ಲೇ ಇತ್ತು. ಬೀಗತಿ ಗಾದಿಗೆ ತಾಗದಂತೆ ತುದಿಗಾಲಲ್ಲಿ ಬಾಗಿ, ದೂರದಿಂದಲೇ ಅಕ್ಕಿ ಸುರಿದರು. ಅರ್ಧ ಮಗಳ ಉಡಿಗೆ, ಅರ್ಧ ಪಕ್ಕದಲ್ಲಿ ತಿಗಣೆ ಇಲ್ಲವೆಂದು ಗಾದಿ ತಟ್ಟಿ ತೋರಿಸುತ್ತ ಕೂತಿದ್ದ ನನ್ನ ತಲೆಗೆ.

ಊಟಕ್ಕೆ ಅದೇ ಬಳ್ಳಿಯ ಅವರೆಕಾಯಿ ಪಲ್ಯ. ಸುಮಾ ಮತ್ತೊಮ್ಮೆ ಹಾಕಿಸಿಕೊಂಡಳು... ಅವಳ ತಾಯಿ ಮಾಡುತ್ತಿದ್ದ ರುಚಿ ಬರಲಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಅಂತೂ ತವರಿನ ಕುಬಸ ತವರಿನಲ್ಲೇ ಆಯಿತು.

ನಿನ್ನೆ ಸುಮಾ ಫೋನ್ ಮಾಡಿದ್ದಳು. ಬೀಗತಿಗೆ ಮೈ ತುರಿಕೆ ಶುರುವಾಗಿದೆಯಂತೆ. ಅವರು ಕೆರೆದುಕೊಳ್ಳುವುದನ್ನು ನೋಡಿ ಬೀಗರಿಗೂ, ಬೀಗರನ್ನು ನೋಡಿ ಅವರ ಮನೆಯ ಮಗ್ಗದ ಕೆಲಸದವರಿಗೂ. ಗಾದಿಯ ಮೇಲೆ ಕೂತ ನಮ್ಮಿಬ್ಬರಿಗೆ ಮಾತ್ರ ಏನೂ ಇಲ್ಲ.

ಇಲ್ಲದ ತಿಗಣೆ ಕಡಿದರೆ ಯಾವ ಔಷಧ ಹಚ್ಚಬೇಕು, ನಿಮಗೆ ಯಾರಿಗಾದರೂ ಗೊತ್ತಿದೆಯಾ?