ನಾಲ್ಕೂವರೆ ಬಸ್ಸಿನ ಫೈಟಿಂಗು

ಹೊಲಿಗೆ ಕಲಿತವರ ಮನೆಯಲ್ಲಿ ಗುಂಡಿಗಳ ಡಬ್ಬಿಯೊಂದು ಇದ್ದೇ ಇರುತ್ತದೆ. ಬಿಸ್ಕತ್ತಿನದೋ ಹಾಲಿನ ಪುಡಿಯದೋ ಹಳೆಯ ತಗಡಿನ ಡಬ್ಬಿ. ಅದರೊಳಗೆ ಹರಿದ ಅಂಗಿಗಳಿಂದ ಕತ್ತರಿಸಿ ಉಳಿಸಿಕೊಂಡ, ಒಂದಕ್ಕೊಂದು ಜೋಡಿಯಾಗದ, ಎಸೆಯಲೂ ಮನಸ್ಸು ಬಾರದ ಗುಂಡಿಗಳು. ನಿಮ್ಮ ಮನೆಯ ಡಬ್ಬಿಯನ್ನು ಅಲುಗಿಸಿದರೆ ನಿಮಗೆ ಬರೀ ಗುಂಡಿಗಳ ಸದ್ದು ಕೇಳಬಹುದು. ನನ್ನದನ್ನು ಅಲುಗಿಸಿದರೆ, ನಂಬಿದರೆ ನಂಬಿ, ನನಗೆ ಕೇಳುವುದು ಹೊಡೆದಾಟದ ಸದ್ದು.

ಎಪ್ಪತ್ತರ ದಶಕ ಮುಗಿದು ಎಂಬತ್ತು ಆಗಷ್ಟೇ ಕಾಲಿಟ್ಟಿದ್ದ ದಿನಗಳವು. ಹತ್ತನೆಯ ತರಗತಿಯ ಗಣಿತ ನನ್ನನ್ನು ಎರಡೆರಡು ಸಲ ಕೆಳಗೆ ಕೆಡವಿದ ಮೇಲೆ, ಇನ್ನು ಮನೆಯಲ್ಲಿ ಕೂರುವುದಿಲ್ಲವೆಂದು ಹಟ ಹಿಡಿದು, ಆಲೆಟ್ಟಿಯಿಂದ ಸುಳ್ಯಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಹೊಲಿಗೆ ಕಲಿಯುತ್ತಿದ್ದೆ. ಮದ್ದಿನ ಅಂಗಡಿಯೊಂದರ ಮಾಳಿಗೆಯಲ್ಲಿ ಲೀಲಾ ಟೀಚರ್ ನಡೆಸುತ್ತಿದ್ದ ತರಗತಿ ಅದು. ಮಧ್ಯಾಹ್ನ ಟೀಚರ್ ಊಟಕ್ಕೆ ಮನೆಗೆ ಹೋದರೆ ಉಳಿಯುತ್ತಿದ್ದವರು ಬುತ್ತಿ ತರುವ ನಾವು ಮೂವರು: ಮಂಡೆಕೋಲಿನ ಕುಸುಮ, ಜಾಲ್ಸೂರಿನ ನಫೀಸಾ, ಮತ್ತು ನಾನು. ಬುತ್ತಿಯ ಡಬ್ಬಿ ಮುಚ್ಚಿದೊಡನೆ ಬಟ್ಟೆ ಕತ್ತರಿಸುವ ಆ ಉದ್ದ ಮೇಜು ನಮ್ಮ ರಣರಂಗವಾಗುತ್ತಿತ್ತು.

ಆಟ ನಾವೇ ಕಟ್ಟಿದ್ದು, ತರಗತಿಯ ಗುಂಡಿ ಡಬ್ಬಿಯಿಂದ. ಒಬ್ಬಳು ಕಥೆ ಹೇಳುವವಳು. ಸೀಮೆಸುಣ್ಣದಿಂದ ಮೇಜಿನ ಮೇಲೆ ಜಾಗದ ನಕ್ಷೆ ಬರೆದು, ಇಲ್ಲಿ ಬಾಗಿಲು, ಇಲ್ಲಿ ಮೆಟ್ಟಿಲು ಎಂದು ತೋರಿಸಿ, ಕೇಡಿಗನ ಗುಂಡಿಯನ್ನು ತಾನೇ ನಡೆಸುವವಳು. ಉಳಿದಿಬ್ಬರದು ಒಂದೊಂದು ಗುಂಡಿ, ಒಬ್ಬೊಬ್ಬರಿಗೆ ಮೂರು ನೂಲಿನ ಆಯುಷ್ಯ. ಏನು ಮಾಡುತ್ತೇನೆಂದು ಹೇಳಿ, ಒಡೆದ ಹುಣಸೆ ಬೀಜದ ನಾಲ್ಕು ಹೋಳುಗಳನ್ನು ಎಸೆಯಬೇಕು. ಮೂರೋ ನಾಲ್ಕೋ ಬಿಳಿ ಬಿದ್ದರೆ ಹೇಳಿದ್ದು ನಡೆಯಿತು. ಎರಡು ಬಿದ್ದರೆ ಅರ್ಧ ನಡೆಯಿತು. ಅದಕ್ಕೂ ಕಡಿಮೆಯಾದರೆ ಪೆಟ್ಟು ನಮಗೇ, ಒಂದು ನೂಲು ಹೋಯಿತು.

ಮೊದಮೊದಲು ಕಥೆ ಹೇಳುವ ಅಧಿಕಾರವೆಲ್ಲ ಕುಸುಮಳದು. ಪುತ್ತೂರಿನಲ್ಲಿದ್ದ ಮಾವನ ಮನೆಗೆ ಹೋದಾಗಲೆಲ್ಲ ಸಿನೆಮಾ ನೋಡಿ ಬರುತ್ತಿದ್ದವಳು ನಮ್ಮಲ್ಲಿ ಅವಳೊಬ್ಬಳೇ. ಆದರೆ ಅವಳ ಫೈಟಿಂಗುಗಳೆಲ್ಲ ಒಂದೇ ಗೋದಾಮಿನಲ್ಲಿ, ಅವೇ ಖಾಲಿ ಪೀಪಾಯಿಗಳ ನಡುವೆ ನಡೆದು ನಡೆದು, ಕೇಡಿಗನಿಗೂ ಬೇಸರ ಬಂದಂತಿತ್ತು. ಒಂದು ದಿನ, ಸಿನೆಮಾದ ಟಿಕೇಟನ್ನೇ ಕಂಡಿರದ ನಫೀಸಾ ಸೀಮೆಸುಣ್ಣ ಕಿತ್ತುಕೊಂಡು, ಹೊಡೆದಾಟವನ್ನು ಮದುವೆ ಮನೆಯ ಅಡುಗೆ ಚಪ್ಪರಕ್ಕೆ ತಂದಿಟ್ಟಳು. ತುಪ್ಪದನ್ನ ಬೇಯುವ ಹಂಡೆಯಷ್ಟು ದೊಡ್ಡ ಚೆಂಬು, ಕಾಲಿಟ್ಟರೆ ಜಾರುವ ನೆಲ, ಮೂಲೆಯಲ್ಲಿ ಉರಿಯುವ ಒಲೆ. ಕೇಡಿಗ ಕತ್ತಿ ಹಿಡಿದು ಒಳಗೆ ಬಂದದ್ದೇ ತಡ, ಕುಸುಮ ತನ್ನ ಸರದಿಯಲ್ಲಿ ಅಭ್ಯಾಸಬಲದಿಂದ ಅವನಿಗೆ ಊಟ ಆಯಿತೇ ಎಂದು ಕೇಳಿಬಿಟ್ಟಳು. ಮದುವೆಗೆ ಬಂದವನನ್ನು ಉಣ್ಣಿಸದೆ ಕಳಿಸುವ ಕ್ರಮವಿಲ್ಲವಲ್ಲ, ಕೇಡಿಗ ಪಂಕ್ತಿಯಲ್ಲಿ ಕುಳಿತೇಬಿಟ್ಟ. ಕತ್ತಿ ಕೆಳಗಿಟ್ಟು ಅವನ ಕೈ ಎಲೆಯಲ್ಲಿದ್ದಾಗ ನಾವು ಅವನನ್ನು ಗೆದ್ದೆವು.

ಆಮೇಲೆ ನಮಗೆ ಹುಚ್ಚೇ ಹಿಡಿಯಿತು. ಸೀಮೆ ಎಣ್ಣೆಗೆ ಸಾಲು ನಿಂತ ರೇಷನ್ ಅಂಗಡಿಯಲ್ಲಿ ಫೈಟಿಂಗು, ಹಲಸಿನ ಹಪ್ಪಳ ಒಣಹಾಕಿದ ಅಂಗಳದಲ್ಲಿ ಫೈಟಿಂಗು. ಹಪ್ಪಳದ ಮೇಲೆ ಕಾಲಿಡಲು ನಾಯಕನಿಗೂ ಧೈರ್ಯವಿಲ್ಲ, ಕೇಡಿಗನಿಗೂ ಇಲ್ಲ; ಇಬ್ಬರೂ ಚಾಪೆಗಳ ನಡುವಿನ ಗೇಣಗಲದ ದಾರಿಯಲ್ಲಿ ತುದಿಗಾಲಿನಲ್ಲಿ ಕಾದಾಡಿದರು. ಹೀಗೆ ಆಡುತ್ತಾ ಆಡುತ್ತಾ ನನಗೊಂದು ಸತ್ಯ ಹೊಳೆಯಿತು. ಬಯಲಿನಲ್ಲಿ ಗೆಲ್ಲುವವನು ಬಲಶಾಲಿ. ಇಕ್ಕಟ್ಟಿನ ಜಾಗದಲ್ಲಿ ಗೆಲ್ಲುವವಳು ಆ ಜಾಗವನ್ನು ಬಲ್ಲವಳು. ಗೋದಾಮು ಎಲ್ಲಿ ಬೇಕಾದರೂ ಇರಬಹುದಾದ ಗೋದಾಮು, ಅಲ್ಲಿ ನಮ್ಮ ಅರಿವಿಗೆ ಕೆಲಸವಿಲ್ಲ. ಹಪ್ಪಳದ ಅಂಗಳಕ್ಕೆ ಅದರದ್ದೇ ಮರ್ಯಾದೆ, ಭಯ, ಸಂದುಗೊಂದುಗಳಿವೆ. ಹೊಡೆಯುವ ಮೊದಲು ಜಾಗ ನಿನಗೆ ಏನು ಕೊಡುತ್ತದೆ, ಏನು ಕಸಿಯುತ್ತದೆ ಎಂದು ನೋಡು. ಇದು ನನ್ನ ಯುದ್ಧಶಾಸ್ತ್ರದ ಮೊದಲ ಪಾಠ. ಎರಡನೆಯದನ್ನು ಇನ್ನೂ ಬರೆದಿಲ್ಲ.

ಇಷ್ಟು ಹೊತ್ತು ನಗುತ್ತಾ ಬಂದೆ. ಇನ್ನು ಹೇಳುವುದರಲ್ಲಿ ನಗು ಕಡಿಮೆ.

ಸಂಜೆ ನಾಲ್ಕೂವರೆಯ ಬಸ್ಸಿನಲ್ಲಿ ನಾನು ಊರಿಗೆ ಮರಳುತ್ತಿದ್ದೆ. ಆ ಬಸ್ಸಿನಲ್ಲಿ ಒಬ್ಬರಿದ್ದರು. ಹೆಸರು ಬರೆಯುವುದಿಲ್ಲ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರು, ಅಪ್ಪನ ಪರಿಚಿತರು, ನಾವೆಲ್ಲ ಮಾವ ಎಂದೇ ಕರೆಯುತ್ತಿದ್ದವರು. ಕೂರಲು ಸೀಟಿದ್ದರೂ ಬಂದು ನನ್ನ ಹಿಂದೆ ನಿಲ್ಲುತ್ತಿದ್ದರು. ರಸ್ತೆಯ ಪ್ರತಿ ತಿರುವಿನಲ್ಲೂ ಬಸ್ಸು ಇಷ್ಟು ವಾಲಿದರೆ ಅವರು ಅಷ್ಟು ವಾಲುತ್ತಿದ್ದರು. ನಾನು ತಿರುಗಿ ನೋಡಿದರೆ ಇಡೀ ಬಸ್ಸಿಗೆ ಕೇಳುವಂತೆ ಅಪ್ಪನ ಆರೋಗ್ಯ ವಿಚಾರಿಸುತ್ತಿದ್ದರು. ಒಂದು ತಿಂಗಳು ಹೀಗೆ ನಡೆಯಿತು. ಮನೆಯಲ್ಲಿ ಹೇಳಿದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು: ಅವರಿಗೆ ಏನೂ ಆಗುವುದಿಲ್ಲ, ನನ್ನ ಹೊಲಿಗೆ ತರಗತಿ ನಿಲ್ಲುತ್ತದೆ. ಹೊಲಿಗೆಯೊಂದು ಕೈಗೆ ಬಂದರೆ ನನ್ನ ಅನ್ನ ನಾನು ಉಣ್ಣಬಹುದೆಂಬ ಆಸೆಗೆ ಆಗ ಆರು ತಿಂಗಳ ಪ್ರಾಯ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಒಂದು ಮಧ್ಯಾಹ್ನ ಸೀಮೆಸುಣ್ಣ ತೆಗೆದುಕೊಂಡು ಬಸ್ಸಿನ ನಕ್ಷೆ ಬರೆದೆ. ಸೀಟುಗಳು, ನಡುವಿನ ದಾರಿ, ಮುಂದೆ ಒಂದು, ಹಿಂದೆ ಒಂದು ಬಾಗಿಲು. ಕೇಡಿಗನಿಗೆ ಡಬ್ಬಿಯಲ್ಲೇ ಅತಿ ಚಂದದ, ಮುತ್ತಿನ ಬಣ್ಣದ ಗುಂಡಿ ಕೊಟ್ಟೆ. ಹುಡುಗಿಯರ ಹಿಂದೆ ನಿಂತು, ಬಸ್ಸು ವಾಲಿದಾಗಲೆಲ್ಲ ಮೇಲೆ ಬೀಳುವ ಮಾವ ಇವ ಎಂದೆ. ಕುಸುಮ ಹಾರಿ ಒದೆಯುತ್ತೇನೆಂದಳು. ಹಾರಲು ಜಾಗವಿಲ್ಲ ಎಂದೆ. ಕೊಡೆಯಿಂದ ಹೊಡೆಯುತ್ತೇನೆಂದಳು, ಕೊಡೆ ಎತ್ತಿದರೆ ಪಕ್ಕದವರಿಗೆ ತಾಗುತ್ತದೆ, ಬೈಗುಳ ನಿನಗೇ ಎಂದೆ. ನಫೀಸಾ ಸ್ವಲ್ಪ ಆಚೆ ನಿಲ್ಲಿ ಮಾವ ಎಂದು ಮರ್ಯಾದೆಯಿಂದ ಹೇಳಿದಳು. ನಾನು ಕೇಡಿಗನಾಗಿ, ನಗುತ್ತಾ, ಅವಳ ಅಪ್ಪನ ಆರೋಗ್ಯ ವಿಚಾರಿಸಿದೆ. ಬಸ್ಸಿಗೆ ಬಸ್ಸೇ ಕೇಡಿಗನನ್ನು ಒಳ್ಳೆಯವನೆಂದುಕೊಂಡಿತು. ಮೂರು ಸುತ್ತಿನಲ್ಲಿ ಇಬ್ಬರ ನೂಲುಗಳೂ ಮುಗಿದವು. ನಾಲ್ಕನೆಯ ಸುತ್ತಿಗೆ ಮತ್ತೆ ನೂಲು ಹಂಚಿ ನಕ್ಷೆ ತಿದ್ದುವಾಗ ಸೀಮೆಸುಣ್ಣ ನನ್ನ ಬೆರಳುಗಳ ನಡುವೆ ಮುರಿದದ್ದನ್ನು ಅವರು ಕಂಡರು. ಕುಸುಮ ಬೇರೊಂದು ತುಂಡು ತೆಗೆದುಕೊಟ್ಟಳು.

ಲೀಲಾ ಟೀಚರ್ ಬೇಗ ಮರಳಿ ಬಂದು ಬಾಗಿಲಿನಲ್ಲಿ ನಿಂತಿದ್ದದ್ದು ನಮಗೆ ತಿಳಿದಿರಲಿಲ್ಲ. ಬೈಗುಳಕ್ಕೆ ತಲೆ ತಗ್ಗಿಸಿದೆವು. ಅವರು ಬೈಯಲಿಲ್ಲ, ಸ್ಟೂಲು ಎಳೆದು ಕುಳಿತು, ಕಂಡಕ್ಟರ್ ಎಲ್ಲಿ ಎಂದು ಕೇಳಿದರು. ಕಂಡಕ್ಟರಿಗೆ ನಾವು ಗುಂಡಿಯನ್ನೇ ಇಟ್ಟಿರಲಿಲ್ಲ. ಅವರೇ ಒಂದು ಕಂದು ಗುಂಡಿ ಹುಡುಕಿ ಮುಂದಿನ ಬಾಗಿಲಿನ ಬಳಿ ಇಟ್ಟರು.

“ನಾನು ಕಂಡಕ್ಟರ್. ಇಷ್ಟು ಹೊತ್ತಿನಿಂದ ಬಸ್ಸಿನಲ್ಲಿದ್ದೇನೆ. ಹಿಂದೆ ಎಂತ ನಡೀತಾ ಉಂಟು ಅಂತ ನನಗೆ ಹೇಳಿದವರು ಯಾರು?”

ಯಾರೂ ಹೇಳಿರಲಿಲ್ಲ. ನಫೀಸಾ ಮುತ್ತಿನ ಬಣ್ಣದ ಗುಂಡಿಯ ಮೇಲೆ ಬೆರಳಿಟ್ಟಳು.

“ಬಸ್ಸು ಅಲ್ಲಾಡ್ತದೆ ಅಂತ ಅಲ್ವಾ ಅವ ಬಾಗುದು? ನಿಲ್ಲಿಸಿಬಿಟ್ಟರೆ ಬಾಗುದು ಹೇಗೆ ಮಾರಾಯ್ತಿ?”

ಸೀಮೆಸುಣ್ಣದಿಂದ ಅವಳೇ ಬಸ್ಸಿನ ಉದ್ದಕ್ಕೂ ಒಂದು ಗೆರೆ ಎಳೆದಳು. ಕಂಡಕ್ಟರನ ಬೆಲ್ಲಿನ ಹಗ್ಗ. ಅದನ್ನು ಮುಟ್ಟುವುದು ಕಂಡಕ್ಟರನ ಹಕ್ಕು; ನಮ್ಮಂಥ ಹುಡುಗಿಯರು ತಲೆಯ ಮೇಲೆ ತೂಗುವ ಆ ಹಗ್ಗವನ್ನು ಕಣ್ಣೆತ್ತಿಯೂ ನೋಡಿದವರಲ್ಲ. ನಫೀಸಾ ಬೀಜ ಎಸೆದಳು. ಎರಡು ಬಿಳಿ, ಎರಡು ಕಪ್ಪು.

“ಅರ್ಧ ಆಯ್ತು,” ಎಂದರು ಟೀಚರ್, ನನ್ನನ್ನೇ ನೋಡುತ್ತಾ. “ಹಗ್ಗ ಎಳೆದಾಯ್ತು. ಬಾಯಿ ಬಿಡುದು ಬಾಕಿ ಉಂಟು.”

ಅದೇ ಸಂಜೆ ಬಸ್ಸು ಹತ್ತಿದೆ. ಅವರೂ ಹತ್ತಿದರು. ಮೊದಲನೆಯ ತಿರುವು ದಾಟಿತು, ಎರಡನೆಯದೂ ದಾಟಿತು. ನಾನು ಧೈರ್ಯಶಾಲಿ ಎಂದು ನೀವು ತಿಳಿಯಬೇಡಿ. ಮೂರನೆಯ ತಿರುವಿನವರೆಗೂ ನನ್ನ ಕೈ ಮೇಲೇಳಲಿಲ್ಲ. ಆಮೇಲೆ ಎದ್ದಿತು. ಟಿಂಗ್ ಎಂದು ಒಂದೇ ಸಲ ಬೆಲ್ಲು ಬಡಿಯಿತು, ಬಸ್ಸು ನಡುರಸ್ತೆಯಲ್ಲಿ ನಿಂತಿತು. ಡ್ರೈವರ್ ಇಂಜಿನು ಆರಿಸಿ ಹಿಂದಕ್ಕೆ ತಿರುಗಿ ನೋಡಿದ. ಹಗ್ಗ ಎಳೆದವರು ಯಾರೆಂದು ಸಿಟ್ಟಿನಿಂದ ಕೇಳುತ್ತಾ ಕಂಡಕ್ಟರ್ ಹಿಂದೆ ಬಂದ.

ನಾನೇ ಎಂದೆ. ಒಂದು ತಿಂಗಳಿಂದ ಇವರು ನನ್ನ ಮೈಮೇಲೆ ಬೀಳುತ್ತಿದ್ದಾರೆ ಎಂದೂ ಹೇಳಿದೆ. ನನ್ನ ಸ್ವರ ನನಗೇ ಬೇರೆ ಯಾರದೋ ಎಂಬಂತೆ ಕೇಳಿತು.

ಅವರು ನಕ್ಕರು. “ಎಂತ ಮಗಾ, ಬಸ್ಸು ಅಲ್ಲಾಡುದಿಲ್ವಾ?”

“ಈಗ ಅಲ್ಲಾಡುದಿಲ್ಲ. ಈಗಲೂ ನೀವು ತಾಗಿಕೊಂಡು ನಿಂತದ್ದು ಎಂತಕ್ಕೆ?”

ಅಷ್ಟು ಜನರೂ ತಿರುಗಿ ನೋಡಿದರು. ಅವರು ಆಗ ಹಿಂದೆ ಸರಿದರು, ಆದರೆ ಎಲ್ಲರೂ ಕಂಡ ಮೇಲೆ ಸರಿದರು. ಇವರು ಇಳಿಯುವವರೆಗೆ ಹಗ್ಗ ಬಿಡುವುದಿಲ್ಲವೆಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಅವರ ಕುತ್ತಿಗೆ ಹಿಡಿಯಲಿಲ್ಲ. ಕಂಡಕ್ಟರ್ ಸುಮ್ಮನೆ ಹಿಂದಿನ ಬಾಗಿಲು ತೆರೆದು ಹಿಡಿದ. ನಿನ್ನ ಅಪ್ಪನಿಗೆ ಹೇಳುತ್ತೇನೆ ಎನ್ನುತ್ತಾ ಅವರು ಇಳಿದರು. ನಾನು ಹಗ್ಗ ಬಿಟ್ಟೆ, ಬಸ್ಸು ಆಲೆಟ್ಟಿಯತ್ತ ಹೊರಟಿತು.

ಬಸ್ಸಿನಲ್ಲಿ ಗೆದ್ದದ್ದೇನೋ ಸರಿ, ಮನೆಯ ನಕ್ಷೆಯನ್ನು ನಾನು ಬರೆದಿರಲಿಲ್ಲ. ಮರುದಿನ ಭಾನುವಾರ, ಸುದ್ದಿ ಬೆಳಗ್ಗೆಯೇ ಬಂತು. ಅಪ್ಪ ಕೆಟ್ಟವರಲ್ಲ. ನನ್ನ ತಪ್ಪಿಲ್ಲವೆಂದು ಅವರಿಗೂ ಗೊತ್ತಿತ್ತು. ಆದರೂ ಊಟಕ್ಕೆ ಕುಳಿತಾಗ, ಸುಳ್ಯಕ್ಕೆ ಹೋದದ್ದು ಸಾಕು, ಮಾತು ಬೆಳೆಯುವುದು ಬೇಡ ಎಂದರು. ನಾನು ಹೋಗುತ್ತೇನೆ ಎಂದೆ. ಬಸ್ಸಿನಿಂದ ಇಳಿಯಬೇಕಾದವರು ಆ ಮಾವ, ಅವರನ್ನು ಇಳಿಸಿಯಾಗಿದೆ, ಇನ್ನು ನನ್ನನ್ನು ಯಾಕೆ ಇಳಿಸುತ್ತೀರಿ ಎಂದು ಕೇಳಿದೆ. ಅಪ್ಪ ಅನ್ನ ಕಲಸುತ್ತಲೇ ಇದ್ದರು.

ಅಮ್ಮ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಅಪ್ಪನ ಮಾತಿಗೆ ಅವಳು ಎದುರು ಮಾತಾಡಿದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಅವಳು ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಆಡಿದ್ದನ್ನು ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

“ನನ್ನನ್ನು ಶಾಲೆ ಬಿಡಿಸಿದ್ದೂ ಹೀಗೆಯೇ. ದಾರಿಯಲ್ಲಿ ಒಬ್ಬ ಇದ್ದ. ಅಂದಿನಿಂದ ನಾನು ಮನೆಯಲ್ಲಿ ಕೂತೆ, ಅವನು ದಾರಿಯಲ್ಲೇ ಇದ್ದ.”

ಅಪ್ಪನ ಕೈ ಅನ್ನದಲ್ಲಿ ನಿಂತಿತು. ಇಪ್ಪತ್ತು ವರ್ಷ ಜೊತೆಗೆ ಬಾಳಿದವರಿಗೆ ಅದು ಗೊತ್ತಿರಲಿಲ್ಲವೆಂದು ಅವರ ಮುಖವೇ ಹೇಳಿತು. ನನಗೆ ಅಳು ಬಂತು. ಬಸ್ಸಿನಲ್ಲಿ ಬಾರದ ಅಳು ಅಮ್ಮನ ಎದುರು ಬಂತು. ಅಮ್ಮ ಅವರ ಎಲೆಗೆ ಸಾರು ಬಡಿಸಿ, ಪಾತ್ರೆ ಕೆಳಗಿಟ್ಟು, ನನ್ನ ಕಡೆ ತಿರುಗಿ, ನಾಳೆಯ ಬುತ್ತಿಗೆ ಏನು ಮಾಡಲಿ ಎಂದು ಕೇಳಿದಳು.